ಭಾನುವಾರದ ಬೋರ್ಡು, ಮಂಗಳವಾರದ ಬೆಲೆ

ಇಂಧನ ಬೆಲೆಯ ಮೇಲೆ ಕಣ್ಣಿಡಲೆಂದೇ ಸಂಬಳ ಪಡೆಯುವ ಮಾನ್ಯ ಅಧಿಕಾರಿಗಳೇ,

ಡೀಸೆಲ್ ಬೆಲೆ ಏರಿಕೆಯಲ್ಲಿ ಯಾರ ಕೈವಾಡವೂ ಕಂಡುಬಂದಿಲ್ಲ ಎಂದು ನೀವು ಮನಿಲಾದಿಂದ ಬರೆದ ಉತ್ತರ ತಲುಪಿತು. ಕಂಡುಬರಬೇಕಾದರೆ ನೋಡಬೇಕು. ನೀವು ನೋಡಿಲ್ಲ. ಆದ್ದರಿಂದ ಈ ಸಲ ನಿಮಗೆ ಗುಟ್ಟಾಗಿ ಬರೆಯದೆ, ಎಲ್ಲರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಎಲ್ಲವೂ ಅಂತರರಾಷ್ಟ್ರೀಯ ಮಾರುಕಟ್ಟೆಯ ಏರಿಳಿತ ಎಂದಿದ್ದೀರಿ. ನಾನು ಇಪ್ಪತ್ತಾರು ವರ್ಷದಿಂದ ಮೀನು ಮಾರುವವಳು, ಏರಿಳಿತ ನನಗೆ ಹೊಸದಲ್ಲ. ನನ್ನ ಪಕ್ಕದಲ್ಲಿ ಕೂರುವವಳು ಒಂದು ಬೆಲೆ ಹೇಳಿದರೆ ನಾನೊಂದು ಹೇಳುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಇಳಿಯುತ್ತೇವೆ. ಆದರೆ ಡೀಸೆಲ್ ಮಾರುವ ನಿಮ್ಮ ಮೂರು ಕಂಪನಿಗಳು ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ, ಒಂದೇ ಉಸಿರಿನಲ್ಲಿ, ಒಂದು ಸೆಂಟಾವೊ ಕಾಸು ಕೂಡ ಹೆಚ್ಚುಕಡಿಮೆಯಾಗದಂತೆ ಬೆಲೆ ಏರಿಸುತ್ತವೆ. ನಮ್ಮ ಚರ್ಚಿನಲ್ಲಿ ನಾವು ಹನ್ನೊಂದು ಜನ ಹೆಂಗಸರು ಕ್ರಿಸ್‌ಮಸ್‌ಗೆಂದು ಮೂರು ತಿಂಗಳು ಅಭ್ಯಾಸ ಮಾಡಿಯೂ ಹಾಡನ್ನು ಒಟ್ಟಿಗೆ ಎತ್ತಿಕೊಳ್ಳಲಾರೆವು. ಅಭ್ಯಾಸವೇ ಇಲ್ಲದೆ ಇವರು ಹೇಗೆ ಎತ್ತಿಕೊಳ್ಳುತ್ತಾರೆ, ದಯವಿಟ್ಟು ತಿಳಿಸಿ. ನಮಗೂ ಉಪಯೋಗವಾದೀತು.

ನಮ್ಮ ದ್ವೀಪದಲ್ಲಿ ಇರುವುದು ಒಂದೇ ಪಂಪು, ಗಾವಿನೋ ಎಂಬಾತನದು. ಮಂಗಳವಾರ ಬೆಲೆ ಏರುವುದಿದ್ದರೆ ಭಾನುವಾರ ಸಂಜೆಯೇ ಅಲ್ಲಿ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು ಬೀಳುತ್ತದೆ. ಇಳಿಯುವುದಿದ್ದರೆ ಬೀಳುವುದಿಲ್ಲ. ಕಂಪನಿಗಳು ಹೊಸ ಬೆಲೆ ಸಾರುವುದು ಸೋಮವಾರ, ಬೋರ್ಡಿಗೆ ಮಾತ್ರ ಒಂದು ದಿನ ಮೊದಲೇ ಗೊತ್ತು. ಶುಕ್ರವಾರದ ಅಂತರರಾಷ್ಟ್ರೀಯ ದರ ನೋಡಿ ಯಾರಾದರೂ ಊಹಿಸಬಹುದು ಎನ್ನುತ್ತೀರಿ. ಊಹಿಸಲಿ. ಟ್ಯಾಂಕಿನಲ್ಲಿರುವ ಡೀಸೆಲ್ಲನ್ನು ಇಲ್ಲ ಎನ್ನುವುದು ಯಾವ ಊಹೆ? ನಾನು ಮೀನನ್ನು ಗೋಣಿಯ ಕೆಳಗೆ ಮುಚ್ಚಿಟ್ಟು ನಾಳಿದ್ದು ದುಬಾರಿಗೆ ಮಾರಿದರೆ ಸಂತೆಯ ಇನ್ಸ್‌ಪೆಕ್ಟರು ಬುಟ್ಟಿಯನ್ನೇ ಎತ್ತಿಕೊಂಡು ಹೋಗುತ್ತಾರೆ.

ಹೀಗಾಗಿ ನಮ್ಮವರಿಗೆ ಒಂದು ರೂಢಿ ಬಂದಿತು. ಭಾನುವಾರ ಸಂಜೆ ಸುಮ್ಮನೆ ಪಂಪಿನ ಕಡೆ ಒಂದು ಸುತ್ತು ಹೋಗಿಬರುವುದು. ಬೋರ್ಡು ಕಂಡರೆ ಮನೆಯಲ್ಲಿ ಉಳಿದ ಎಣ್ಣೆಯಲ್ಲೇ ಹತ್ತಿರದಲ್ಲಿ ಬಲೆ ಬೀಸುವುದು. ಕಾಣದಿದ್ದರೆ ಖುಷಿ, ಮಂಗಳವಾರ ಅಗ್ಗವಾಗುತ್ತದೆ, ಅಲ್ಲಿಯವರೆಗೆ ಎಷ್ಟು ಬೇಕೋ ಅಷ್ಟೇ ತುಂಬಿಸುವುದು. ನಿಮ್ಮ ಕಚೇರಿಯನ್ನು ನಂಬುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಬೋರ್ಡನ್ನು ಮಾತ್ರ ನಂಬಿದ್ದೆವು.

ಕಳೆದ ಆಗಸ್ಟಿನ ಒಂದು ಭಾನುವಾರ ಬೋರ್ಡು ಇರಲಿಲ್ಲ. ಮರುದಿನ ಮಧ್ಯಾಹ್ನ ನನ್ನ ಗಂಡ ಕ್ರಿಸ್ಪುಲೊ ದೋಣಿ ಹೊರಡಿಸುತ್ತಿದ್ದ. ಟ್ಯಾಂಕಿಗೆ ಬಿದಿರು ಕೋಲು ಇಳಿಸಿ ನೋಡಿದ, ಎಣ್ಣೆ ಅರ್ಧದ ಗುರುತಿಗಿತ್ತು. ಪಂಪಿಗೆ ಹೋಗಿಬರುತ್ತೇನೆ ಎಂದ.

“ನಾಳೆ ಅಗ್ಗ ಆಗತ್ತೆ ಮಾರಾಯ, ಇವತ್ತಿಗೆ ಅರ್ಧ ಸಾಕು” ಎಂದವಳು ನಾನೇ.

“ಗಾಳಿಗೂ ಒಂದು ಬೋರ್ಡ್ ಇದ್ದಿದ್ರೆ ಚೆನ್ನಾಗಿತ್ತು ನೋಡು” ಎಂದು ನಕ್ಕ. ಕೋಲನ್ನು ಗೋಡೆಗೆ ಒರಗಿಸಿ ಕಡಲಿಗೆ ಹೋದ.

ಸಂಜೆಯೇ ನೈರುತ್ಯದ ಗಾಳಿ ಎದ್ದಿತು. ಅದಕ್ಕೆದುರಾಗಿ ವಾಪಸು ಬರಲು ಅರ್ಧ ಟ್ಯಾಂಕು ಸಾಲದು. ಶುಕ್ರವಾರ ಪಕ್ಕದ ಪ್ರಾಂತ್ಯದ ಹವಳದ ದಿಬ್ಬದ ಮೇಲೆ ದೋಣಿ ಸಿಕ್ಕಿತು. ಟ್ಯಾಂಕು ಒಣಗಿತ್ತು, ಹಿಡಿದ ಮೀನು ಕೊಳೆತಿತ್ತು, ಅವನಿರಲಿಲ್ಲ. ಇಂದಿಗೂ ಸಿಕ್ಕಿಲ್ಲ. ಬೋರ್ಡು ಸುಳ್ಳು ಹೇಳಿರಲಿಲ್ಲ, ಆ ಮಂಗಳವಾರ ಬೆಲೆ ಇಳಿದಿತ್ತು, ಲೀಟರಿಗೆ ನಲವತ್ತು ಸೆಂಟಾವೊ.

ನಾನು ಗಾವಿನೋನ ಕೊರಳಪಟ್ಟಿ ಹಿಡಿಯಲೆಂದೇ ಹೋಗಿದ್ದೆ. ಅವನು ತಲೆ ಎತ್ತಲಿಲ್ಲ.

“ನನ್ನ ಬೈದು ಏನ್ ಬಂತಕ್ಕಾ? ಭಾನುವಾರ ಕಂಪನಿಯಿಂದ ಫೋನ್ ಬರತ್ತೆ, ಬೋರ್ಡ್ ಹಾಕು ಅಂತಾರೆ, ಹಾಕ್ತೀನಿ. ಹಾಕ್ದೆ ಇದ್ರೆ ಮುಂದಿನ ಲೋಡ್ ಕಳ್ಸಲ್ಲ. ಆ ಭಾನುವಾರ ಫೋನ್ ಬರ್ಲಿಲ್ಲ, ಅಷ್ಟೇ.”

ಈ ಮಾತನ್ನೇ ನಿಮಗೆ ದೂರಾಗಿ ಬರೆದಿದ್ದೆ. ನೀವು ಕಂಪನಿಯನ್ನು ಕೇಳಿದಿರಿ, ಅಂಥ ಫೋನು ಮಾಡುವುದಿಲ್ಲ ಎಂದು ಕಂಪನಿ ಹೇಳಿತು, ಕಡತ ಮುಚ್ಚಿದಿರಿ. ಕಳ್ಳನನ್ನು ಕರೆದು ಕದ್ದೆಯಾ ಎಂದು ಕೇಳಿ, ಇಲ್ಲ ಎಂದಾಗ ಕಾಫಿ ಕುಡಿಸಿ ಕಳಿಸುವುದಕ್ಕೆ ತನಿಖೆ ಎಂದು ಹೆಸರೇ? ಗಾವಿನೋನನ್ನು ಒಂದು ಮಾತು ಕೇಳಲಿಲ್ಲ. ಅವನ ಫೋನು ನೋಡಲಿಲ್ಲ. ನನಗೆ ನಿಮ್ಮ ಮೇಲೆ ಅಸಾಧ್ಯ ಸಿಟ್ಟಿದೆ. ನನ್ನ ಮೇಲಿರುವಷ್ಟು ಇಲ್ಲ, ಆದರೂ ಇದೆ.

ಪರಿಹಾರದ ಹಣ ನನಗೆ ಬೇಡ. ಬೋರ್ಡು ಬಿದ್ದ ಒಂದು ಭಾನುವಾರ, ಹೇಳದೆ ಕೇಳದೆ ನಮ್ಮ ದ್ವೀಪಕ್ಕೆ ಬನ್ನಿ. ಪಂಪಿನ ಟ್ಯಾಂಕಿನ ಮುಚ್ಚಳ ತೆಗೆಸಿ ಎಣ್ಣೆ ಎಷ್ಟಿದೆ ಎಂದು ನಿಮ್ಮ ಕೈಯಾರೆ ಅಳೆಯಿರಿ. ಆಮೇಲೆ ಫೋನು ಮಾಡಿದವರ ಹೆಸರನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ. ಅಳೆಯಲು ಸಾಧನವಿಲ್ಲ ಎಂಬ ನೆಪ ಬೇಡ, ಕ್ರಿಸ್ಪುಲೊನ ಬಿದಿರು ಕೋಲನ್ನು ನಿನ್ನೆ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಗಿಡ್ಡವಾದರೆ ಹಗ್ಗ ಕಟ್ಟಿಕೊಳ್ಳಿ. ಕೆಲಸ ಮುಗಿದ ಮೇಲೆ ಮರೆಯದೆ ಹಿಂದಿರುಗಿಸಿ, ಅವನದೆಂದು ನನ್ನಲ್ಲಿ ಉಳಿದಿರುವುದು ಅದೊಂದೇ.

ಇಂತಿ,
ಅರ್ಧ ಸಾಕು ಎಂದವಳು,
ಹೆರ್ಮಿನಿಯಾ, ಮೀನು ಮಾರುವವಳು