ಎಡಗಡೆಯ ಸೀಟು

ಹಮಾಮಾತ್ಸು
ನವೆಂಬರ್ ೧೯, ಬುಧವಾರ

ಮಾಯುಮಿಯ ಅಪ್ಪನವರಿಗೆ,

ಇಲ್ಲಿ ಒಣಗಾಳಿ ಶುರುವಾಯಿತು. ಇವತ್ತು ಬೆಳಿಗ್ಗೆ ಹಗ್ಗದ ಮೇಲೆ ಹಾಕಿದ್ದ ನಿಮ್ಮ ಹಳೆಯ ಬನಿಯನ್ ಹಾರಿಹೋಗಿ ಪಕ್ಕದ ಮನೆಯ ಹಿಗುಚಿಯವರ ಕಾಕಿ ಹಣ್ಣಿನ ಮರದಲ್ಲಿ ಸಿಕ್ಕಿಕೊಂಡಿತ್ತು. ಆಕೆ ಕೋಲಿನಲ್ಲಿ ಇಳಿಸಿ ತಂದುಕೊಟ್ಟು, "ಏನ್ರೀ, ಕೊನೆಗೂ ಯಜಮಾನ್ರು ಬಂದ್ರಾ?" ಎಂದು ಕೇಳಿದರು. "ಬನಿಯನ್ ಮಾತ್ರ ಬಂದಿದೆ" ಎಂದೆ. ಇಬ್ಬರೂ ನಕ್ಕೆವು. ಅದು ಈಗ ಬೈಕು ಒರೆಸುವ ಬಟ್ಟೆ ಎಂದು ಅವರಿಗೆ ಹೇಳಲಿಲ್ಲ.

ಮೊನ್ನೆ ಫೋನಿನಲ್ಲಿ ಹೊಸವರ್ಷಕ್ಕೂ ಬರುವುದಿಲ್ಲ ಎಂದಿರಿ. ಯಾಕೆ ಎಂದರೆ ಒಮಾಯೆಜಾಕಿಯ ಸಮುದ್ರ ಚೆನ್ನಾಗಿದೆ ಎಂದಿರಿ. ಆ ಸಮುದ್ರ ನೀವು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದೆ, ಜನವರಿ ಕಳೆದ ಮೇಲೂ ಇರುತ್ತದೆ. ಸಮುದ್ರ ನೋಡುತ್ತ ಒಬ್ಬರೇ ಕೂತು ಹಬ್ಬದ ಅಂಟಕ್ಕಿ ಮೊಚಿ ತಿನ್ನುವುದು ನಿಮ್ಮ ವಯಸ್ಸಿಗೆ ಸುರಕ್ಷಿತವೂ ಅಲ್ಲ. ಗಂಟಲಿಗೆ ಸಿಕ್ಕಿಕೊಂಡರೆ ಬೆನ್ನಿಗೆ ಗುದ್ದಲು ಯಾರಿದ್ದಾರೆ ಅಲ್ಲಿ?

ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಜಗಳವಿಲ್ಲದೆ, ವಿಚ್ಛೇದನವಿಲ್ಲದೆ, ತಮ್ಮ ತಮ್ಮ ಪಾಡಿಗೆ ಬೇರೆ ಬೇರೆ ಇರುವುದು ಈಗ ಎಲ್ಲ ಕಡೆ ನಡೆಯುತ್ತಿದೆ ಎಂದು ನೀವು ಪೇಪರು ಮಡಚುತ್ತ ಹೇಳಿದ ದಿನ ನೆನಪಿದೆಯಷ್ಟೆ. "ಆಗ್ಲಿ, ನಂಗೂ ಅಡುಗೆ ಕೆಲಸ ಕಮ್ಮಿ ಆಗತ್ತೆ" ಎಂದುಬಿಟ್ಟೆ. ಜಂಭ, ಬೇರೇನಲ್ಲ. ನೀವು ಬಾಯಿಮಾತಿಗಾದರೂ ಇನ್ನೊಂದು ಸಲ ಕೇಳುತ್ತೀರಿ ಎಂದುಕೊಂಡಿದ್ದೆ. ಮರುದಿನವೇ ಪೆಟ್ಟಿಗೆ ಕಟ್ಟತೊಡಗಿದಿರಿ. ಹೊರಡುವಾಗ ಕೊಟ್ಟಿಗೆಯ ಕಡೆ ತಲೆ ಅಲ್ಲಾಡಿಸಿ, "ಆ ಬೈಕನ್ನ ಗುಜರಿಗೆ ಹಾಕ್ಬಿಡು. ಇನ್ನು ಅದು ಎದ್ದೇಳಲ್ಲ" ಎಂದಿರಿ.

ಮದುವೆಗೆ ಮೊದಲು ನನ್ನನ್ನು ಹಿಂದೆ ಕೂರಿಸಿಕೊಂಡು ಇಡೀ ಕರಾವಳಿ ಸುತ್ತಿಸಿದ ಬೈಕು ಅದು. ಮಾಯುಮಿ ಹುಟ್ಟಿದ ವರ್ಷ ಸ್ವಲ್ಪ ಸರ್ವೀಸು ಮಾಡುತ್ತೇನೆ ಎಂದು ಬಿಚ್ಚಿ ಹಾಕಿದವರು ಮತ್ತೆ ಕೈ ಹಚ್ಚಲಿಲ್ಲ. ಅದಕ್ಕೆ ಗುಜರಿ ಎಂದ ಸಿಟ್ಟಿಗೇ ನಾನು ಕೆಲಸ ಶುರು ಮಾಡಿದ್ದು. ಪ್ರೀತಿಯಿಂದ ಎಂದು ತಿಳಿದು ಉಬ್ಬಬೇಡಿ.

ಪಾಚಿಹಾಳೆಯ ನೋರಿ ಡಬ್ಬಿಗಳಲ್ಲಿ ನೀವು ತುಂಬಿಟ್ಟಿದ್ದ ನಟ್ಟು ಬೋಲ್ಟುಗಳನ್ನು ಹಳೆಯ ಹಾಸಿಗೆ ಬಟ್ಟೆಯ ಮೇಲೆ ಸುರಿದಾಗ ನಿಜಕ್ಕೂ ಅಳು ಬಂತು. ಯಾವುದು ಯಾವುದರ ಸಂಬಂಧಿ ಎಂದೇ ಗೊತ್ತಾಗಲಿಲ್ಲ. ಅದಕ್ಕೇ ಒಂದೊಂದನ್ನೂ ನಿಮಗೆ ಪತ್ರ ಬರೆದು ಕೇಳತೊಡಗಿದೆ. ಒಂದು ಡಬ್ಬಿಯಲ್ಲಂತೂ ಮಾಯುಮಿಯ ಹಾಲುಹಲ್ಲು ಇತ್ತು. ಚಕ್ರಗಳ ವಿಷಯದಲ್ಲಿ ಮಾತ್ರ ನಿಮ್ಮನ್ನು ಏನೂ ಕೇಳಲಿಲ್ಲ, ನೋಡಿದಿರಾ? ಫ್ಯಾಕ್ಟರಿಯಲ್ಲಿ ನೀವು ಮೇಲಿನ ಮಹಡಿಯಲ್ಲಿ ನಕ್ಷೆ ಬರೆಯುತ್ತಿದ್ದಾಗ ನಾನು ಕೆಳಗೆ ಚಕ್ರಗಳಿಗೆ ಕಡ್ಡಿ ಹೆಣೆಯುತ್ತಿದ್ದವಳು. ತುಕ್ಕು ಹಿಡಿದ ಕಡ್ಡಿ ಬಿಚ್ಚಿ ಹೊಸದು ಕೂರಿಸುವಾಗ ಬೆರಳುಗಳು ತಾವಾಗಿಯೇ ದಾರಿ ಹುಡುಕಿಕೊಂಡವು.

ಪಿಸ್ಟನ್ನು ಕಚ್ಚಿಕೊಂಡಿತ್ತು. ನೀವು ಹೇಳಿದಂತೆ ಸೀಮೆಎಣ್ಣೆ ಸುರಿದು, ದಿನವೂ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟುತ್ತಿದ್ದೆ. ಒಂದು ದಿನ ಅದು ಉಸಿರು ಬಿಟ್ಟ ಹಾಗೆ ಕೆಳಗಿಳಿಯಿತು. ಟ್ಯಾಂಕಿನ ಒಳಗಿನ ತುಕ್ಕಿಗೆ ಕಕ್ಕಸು ತೊಳೆಯುವ ಆಸಿಡ್ ತುಂಬಿದೆ. ಅಂಗಡಿಯವಳು ನನ್ನ ಬುಟ್ಟಿಯಲ್ಲಿದ್ದ ಬಾಟಲಿಗಳನ್ನು ನೋಡಿ ಎಷ್ಟು ಜನ ನೆಂಟರು ಬಂದಿದ್ದಾರೆ ಎಂದು ಕೇಳಿದಳು. ಕಾರ್ಬುರೇಟರನ್ನು ಓದೆನ್ ಸಾರು ಬೇಯಿಸುವ ಪಾತ್ರೆಯಲ್ಲಿ ಕುದಿಸಿದೆ ಎಂದು ಬರೆದಾಗ, ಇನ್ನು ಮುಂದೆ ಆ ಪಾತ್ರೆಯಲ್ಲಿ ನನಗೆ ಅಡುಗೆ ಮಾಡಬೇಡ ಎಂದು ಕಾರ್ಡು ಬರೆದಿರಿ. ಆ ಕಾರ್ಡು ಓದಿ ದಿನವಿಡೀ ಖುಷಿಯಾಗಿದ್ದೆ. ನನ್ನ ಅಡುಗೆ ಊಟ ಮಾಡುವ ಯೋಚನೆ ಇನ್ನೂ ಇದೆಯಲ್ಲ ಎಂದು.

ಮೊದಮೊದಲು ನಿಮ್ಮ ಕಾರ್ಡುಗಳಲ್ಲಿ ಎಂಥ ಚಿತ್ರಗಳಿರುತ್ತಿದ್ದವು! ಕ್ಲಚ್ಚಿನ ಒಂದೊಂದು ತಟ್ಟೆಯೂ ಮುದ್ದಾಗಿ, ಬಾಣದ ಗುರುತು ಹಾಕಿ. ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದೇನೆ. ವಸಂತ ಕಳೆದ ಮೇಲೆ ಕಾರ್ಡು ನಿಂತುಹೋದವು. ಫೋನು ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ ಈಗ ನನ್ನ ಪ್ರತಿ ಪತ್ರಕ್ಕೂ ಫೋನಿನಲ್ಲೇ ಉತ್ತರ ಹೇಳುತ್ತೀರಿ. ನಿಮ್ಮ ದನಿ ಕೇಳಲು ಇಷ್ಟವೇ, ಆದರೆ ದನಿಯನ್ನು ಗೋಡೆಗೆ ಅಂಟಿಸಲಾಗುವುದಿಲ್ಲ.

ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಬಂದಿರಲ್ಲ, ಅದನ್ನೇ ಆಗಾಗ ನೆನೆಯುತ್ತೇನೆ. ಸಮಾಧಿಗೆ ನೀರು ಹಾಕಿ ಬಂದವರು ಬಟ್ಟೆಯನ್ನೂ ಬದಲಿಸದೆ ಸೀದಾ ಕೊಟ್ಟಿಗೆಗೆ ನಡೆದಿರಿ. ಬೆಂಕಿ ಕಿಡಿ ಹುಟ್ಟಿಸುವ ಆ ಎರಡು ಸಣ್ಣ ಪಾಯಿಂಟುಗಳ ನಡುವೆ ಸರಿಯಾದ ಸಂದು ಬಿಡಿಸುವುದೊಂದೇ ಬಾಕಿ ಇತ್ತು. ಅದಕ್ಕೆ ನಿಮ್ಮನ್ನೇ ಕಾದಿದ್ದೆ. ಸ್ಕ್ರೂಡ್ರೈವರು ಚಾಚಿದರೆ ನೀವು ತೆಗೆದುಕೊಳ್ಳಲಿಲ್ಲ. "ಕಣ್ಣು ಮಂಜಾಗಿದೆ ಕಣೇ, ನೀನೇ ಮಾಡು" ಎಂದಿರಿ. ಅಂಥ ಸೆಕೆಯಲ್ಲಿ ಎರಡೂ ಕೈ ಜೇಬಿನೊಳಗಿಟ್ಟುಕೊಂಡು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತ, ಇನ್ನೊಂದು ಚೂರು, ಇನ್ನೊಂದೇ ಚೂರು, ಸಾಕು ಎನ್ನುತ್ತಿದ್ದಿರಿ. ಮಂಜಾದ ಕಣ್ಣಿಗೆ ಕೂದಲೆಳೆಯಷ್ಟು ಸಂದು ಅಷ್ಟು ಚೆನ್ನಾಗಿ ಕಂಡದ್ದು ಹೇಗೆ ಎಂದು ನಾನು ಕೇಳಲಿಲ್ಲ. ಕಿಕ್ಕು ಒದ್ದಾಗ ನೀಲಿ ಕಿಡಿ ಹಾರಿತು. ನೀವು ನಕ್ಕಿರಿ. ಈ ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ಮಧ್ಯಾಹ್ನ ನಿಮಗಿಷ್ಟ ಎಂದು ತಣ್ಣನೆ ಸೋಮೆನ್ ಶಾವಿಗೆ ಮಾಡಿದೆ. ನೀವು ಚಾಪ್‌ಸ್ಟಿಕ್ ಮುಟ್ಟಲಿಲ್ಲ. ಹೊಟ್ಟೆ ಭಾರ ಎಂದು ಹೇಳಿ, ದೇವರ ಮುಂದಿದ್ದ ಅನ್ನದ ಉಂಡೆ ತಿಂದಿರಿ. ಭಾರವಾದ ಹೊಟ್ಟೆಗೆ ಎರಡು ಉಂಡೆ. ಸಂಜೆಯ ಬಸ್ಸಿಗೇ ಹೊರಟುಬಿಟ್ಟಿರಿ, ಎಂಜಿನ್ನು ಕೂಗುವುದನ್ನೂ ಕೇಳದೆ.

ಮಾಯುಮಿ ಪ್ರತಿ ವಾರ ಫೋನು ಮಾಡುತ್ತಾಳೆ. "ಅಪ್ಪ ಬರ್ತಾರೋ ಬಿಡ್ತಾರೋ, ನೀನಂತೂ ಪೂರಾ ಮೆಕ್ಯಾನಿಕ್ ಆಗ್ಬಿಟ್ಟೆ ಬಿಡಮ್ಮ" ಎಂದು ಗೇಲಿ ಮಾಡುತ್ತಾಳೆ. ಅವಳಿಗೂ ಹೇಳಿದ್ದೇನೆ, ನಾನು ಬರೀ ಗ್ರೀಸಿನಲ್ಲಿ ಬಿದ್ದಿಲ್ಲ, ಮಂಗಳವಾರ ಮಂಗಳವಾರ ಹೂ ಜೋಡಿಸುವ ತರಗತಿಗೂ ಹೋಗುತ್ತಿದ್ದೆ ಎಂದು. ಮೊನ್ನೆ ಅದೂ ಮುಗಿಯಿತು.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಮನೆಗೆ ಬನ್ನಿ. ಹಬ್ಬಕ್ಕೆ, ಎರಡು ದಿನಕ್ಕೆ ಅಲ್ಲ. ನಿಮ್ಮ ಪೆಟ್ಟಿಗೆಯನ್ನೂ ತೆಗೆದುಕೊಂಡು ಬನ್ನಿ. ನೀವಿಲ್ಲದೆ ನನಗೆ ಬೇಜಾರಾಗುತ್ತದೆ. ಇಷ್ಟು ಹೇಳಲು ಎರಡು ವರ್ಷ ಸ್ಪ್ಯಾನರು ಹಿಡಿದು ಓಡಾಡಿದೆ ನೋಡಿ.

ಬರುವುದಿಲ್ಲ ಎಂದೇ ಹಟವಿದ್ದರೆ ಬೈಕಿನ ನೆಪಕ್ಕಾದರೂ ಒಮ್ಮೆ ಬನ್ನಿ. ಎಷ್ಟು ಒದ್ದರೂ ಎಂಜಿನ್ನು ಶುರುವಾಗುತ್ತಿಲ್ಲ. ಎಲ್ಲಿ ತಪ್ಪಿದ್ದೇನೋ ತಿಳಿಯುತ್ತಿಲ್ಲ. ಇದನ್ನು ಫೋನಿನಲ್ಲಿ ಸರಿಮಾಡಲು ನಿಮ್ಮಿಂದಲೂ ಆಗದು.

ಚಳಿಗೆ ಹೊಟ್ಟೆಪಟ್ಟಿ ಕಟ್ಟಿಕೊಳ್ಳಿ. ಸ್ನಾನದ ನೀರು ತುಂಬ ಬಿಸಿ ಬೇಡ.

ನಿಮ್ಮನ್ನು ಕಾಯುತ್ತಿರುವ,
ಇತ್ಸುಕೋ

ಮರೆತ ಮಾತು: ಮೇಲೆ ಕೊನೆಗೆ ಬೈಕಿನ ಬಗ್ಗೆ ಬರೆದದ್ದು ಸುಳ್ಳು. ಸಹಿ ಹಾಕಿದ ಮೇಲೆ ಅದನ್ನು ಹಾಗೆಯೇ ಕಳಿಸಲು ಮನಸ್ಸಾಗಲಿಲ್ಲ. ಎಂಜಿನ್ನು ನೀವು ಆಗಸ್ಟಿನಲ್ಲಿ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆಯೇ ಶುರುವಾಯಿತು. ಹಿಗುಚಿಯವರ ಬೆಕ್ಕು ಮೂರು ದಿನ ಮನೆಗೆ ಬರಲಿಲ್ಲ. ಆಮೇಲೆಯೂ ಪ್ರಶ್ನೆ ಕೇಳುತ್ತ ಬಂದದ್ದು, ಕೇಳದಿದ್ದರೆ ನೀವು ಫೋನು ಮಾಡುವುದಿಲ್ಲ ಎಂಬ ಹೆದರಿಕೆಗೆ.

ಹೂವಿನ ತರಗತಿಯೂ ಸುಳ್ಳು. ಮಂಗಳವಾರ ಹೋಗುತ್ತಿದ್ದದ್ದು ಡ್ರೈವಿಂಗ್ ಶಾಲೆಗೆ. ಬಿದ್ದ ಬೈಕನ್ನು ಒಬ್ಬಳೇ ಎತ್ತಿ ನಿಲ್ಲಿಸಿದರೆ ಮಾತ್ರ ಮುಂದಿನ ಪಾಠ. ಕಲಿಸುವ ಹುಡುಗ, "ಅಜ್ಜಿ, ಸ್ಕೂಟರ್ ಸಾಕಲ್ವಾ ನಿಮ್ಗೆ?" ಎಂದ. ಎತ್ತಿ ನಿಲ್ಲಿಸಿದೆ. ಲೈಸೆನ್ಸು ಸಿಕ್ಕಿದೆ. ಹೂವಿನ ಸಂಬಂಧ ಇಷ್ಟೇ: ಕಾಕೆಗಾವಾ ಊರಿನ ಒಬ್ಬ ಮುದುಕ ಹಳೆಯ ಸೈಡ್‌ಕಾರಿನಲ್ಲಿ ಮಣ್ಣು ತುಂಬಿ ಸೇವಂತಿಗೆ ಬೆಳೆಸಿದ್ದ. ಕಾಡಿ ಬೇಡಿ ತಂದು, ಮಣ್ಣು ತೆಗೆದು, ಮೂರನೆಯ ಚಕ್ರಕ್ಕೂ ಕಡ್ಡಿ ಹೆಣೆದು, ಬೈಕಿನ ಎಡಕ್ಕೆ ಕೂರಿಸಿದ್ದೇನೆ. ಗಾಡಿಯ ಸರ್ಕಾರಿ ತಪಾಸಣೆಯೂ ಆಗಿದೆ. ಸೀಟಿನ ಮೇಲೆ ನಿಮ್ಮ ಹಳೆಯ ದಿಂಬು ಹಾಕಿದ್ದೇನೆ.

ಆಗಸ್ಟಿನಲ್ಲಿ ನೀವು ಹೊಸಿಲ ಹತ್ತಿರ ಕೂತು ಶೂ ಹಾಕಿಕೊಳ್ಳುವಾಗ ನಾನು ಹಿಂದೆ ನಿಂತಿದ್ದೆ. ಲೇಸು ಕಟ್ಟಲು ಆಗದೆ, ತುದಿಗಳನ್ನು ಶೂ ಒಳಗೆ ತುರುಕಿಕೊಂಡು ಎದ್ದಿರಿ. ನಿಮ್ಮ ಕೈ ನಡುಗುವುದನ್ನು ನೋಡಿದೆ. ನಿಮ್ಮ ತಂದೆಗೂ ಹೀಗೆಯೇ ಶುರುವಾಗಿತ್ತಲ್ಲವೇ? ಪೇಪರಿನ ನೆಪ ಹೇಳಿ ಹೊರಟದ್ದು ಯಾಕೆಂದು ಆವತ್ತು ತಿಳಿಯಿತು. ನನಗೆ ಹೊರೆಯಾಗಬಾರದು ಎಂದು ನೀವೊಬ್ಬರೇ ತೀರ್ಮಾನ ಮಾಡಿಬಿಟ್ಟಿರಿ, ನನ್ನನ್ನು ಕೇಳದೆ. ಅದಕ್ಕೆ ನಿಮ್ಮ ಮೇಲೆ ಇನ್ನೂ ಕೋಪವಿದೆ.

ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮೊದಲು ಹೊರಡುತ್ತೇನೆ. ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿರಿ. ಆಸ್ಪತ್ರೆಗೆ ತೋರಿಸಿದ್ದೀರಾ ಎಂದು ದಾರಿಯುದ್ದಕ್ಕೂ ಕೇಳುತ್ತೇನೆ. ಎಂಜಿನ್ನಿನ ಸದ್ದಿನಲ್ಲಿ ನೀವು ಹೇಳುವುದು ಕೇಳಿಸುವುದಿಲ್ಲ, ಉತ್ತರ ಮನೆಗೆ ಬಂದು ಹೇಳಿ. ಆ ಸೀಟಿನಲ್ಲಿ ಕೂರುವವರಿಗೆ ಏನನ್ನೂ ಹಿಡಿದುಕೊಳ್ಳುವ ಕೆಲಸವಿಲ್ಲ. ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಬನ್ನಿ.