ನೋಯಂಗಿಲ್ಲ ಅಂದ ಬೂಟು

ಮಹಾದೇವಿ,

ಇವತ್ತು ನಿನ್ನ ಮಗಳಿಗೆ ರೇಸಿನ ಸ್ಕೇಟಿಂಗ್ ಬೂಟು ಆರಿಸಲು ಹುಬ್ಬಳ್ಳಿಗೆ ಹೋಗಿದ್ದೆವು. ಭಾನುವಾರ ಜಿಲ್ಲಾ ತಂಡದ ಆಯ್ಕೆ. ಅಂಗಡಿಯಲ್ಲಿ ಇದ್ದದ್ದು ಒಂದೇ ಜೋಡಿ.

“ಬಿಗಿ ಇದ್ರ ತಿರುವಿನ್ಯಾಗ ಕಾಲು ಅಳ್ಳಾಡಂಗಿಲ್ರಿ ಕಾಕಾ. ಆದ್ರ ನೋಯಬಾರ್ದು,” ಎಂದ ಅಂಗಡಿಯವ.

“ಏನೂ ನೋಯಂಗಿಲ್ಲಪ್ಪಾ, ಇದನ್ನ ತಗೊಳ್ಳೂಣು,” ಎಂದಳು ನಂದಾ, ನನ್ನ ಮುಖ ನೋಡದೆ.

ನಾನು ಕೆಳಗೆ ಕೂತು ಲೇಸು ಬಿಚ್ಚಿ ಅವಳ ಕಾಲಿಂದ ಬೂಟು ತೆಗೆದೆ. ಕಾಲ್ಬೆರಳುಗಳು ಕೆಂಪಗೆ ಕಂದಿದ್ದವು. ಒಂದು ನಂಬರ್ ದೊಡ್ಡದು ತರಿಸಲು ಹೇಳಿದೆ. ಅದು ಬರುವುದಕ್ಕೆ ಹದಿನೈದು ದಿನ ಬೇಕು.

“ಅಷ್ಟರಾಗ ಆಯ್ಕೆ ಮುಗದಿರ್ತದ. ಒಂದ್ ರೇಸ್ ತಡಕೋತೀನಲ್ಲ,” ಎಂದಳು. ನಾನು ಒಪ್ಪಲಿಲ್ಲ. ದೇವಿಕೊಪ್ಪಕ್ಕೆ ಬರುವವರೆಗೂ ಬಸ್ಸಿನಲ್ಲಿ ಅತ್ತಳು.

ತೀರಿಕೊಂಡ ಆ ಸೋಮವಾರ ಬೆಳಿಗ್ಗೆ ನೀನೂ ಹೊಟ್ಟೆ ಹಿಡಿದುಕೊಂಡು ಇದೇ ದನಿಯಲ್ಲಿ ಏನೂ ಇಲ್ಲ ಅಂದಿದ್ದೆ. ನಾನು ನಂಬಿ ಹೊಲಕ್ಕೆ ಹೋದೆ.