ಬೆಟ್ಟದ ಛತ್ರದ ನಲ್ಲಿ

ವಿಜಯಪುರ, ನೆಲದಡಿಯ ಐದನೇ ಓಣಿ
30 ಫೆಬ್ರವರಿ 2319

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಶರಣು, ಸಲಾಮು.

ತಾರೀಖು ನೋಡಿ ಪತ್ರ ಮಡಿಚಿಡಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದೊಂದೇ ತಿಂಗಳಿಗೆ ಯಾಕೆ ಅನ್ಯಾಯ ಎಂದು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಕೊಟ್ಟಿದ್ದೇವೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಪುಸ್ತಕ ಓದಿ ಕಲಿತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಮಾತನ್ನು ಹಿಂದಕ್ಕೆ ಒಯ್ಯುತ್ತದೆ, ಉತ್ತರವನ್ನು ಮಾತ್ರ ತರುವುದಿಲ್ಲ. ಆದ್ದರಿಂದ ನಾನು ಹೇಳುವುದನ್ನೆಲ್ಲ ನೀವು ಸುಮ್ಮನೆ ಕೇಳಬೇಕು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ಒಳ್ಳೆಯ ಅಂಚೆ ಇಲ್ಲ.

ನಾನು ರೇಹಾನಾ ನದಾಫ್, ಅರವತ್ತು ವರ್ಷದವಳು. ನಮ್ಮದು ಮರುಗೆಯ್ಮೆ ಮನೆ. ನಿಮ್ಮ ಕಾಲದ ವಿಡಿಯೋ ಆಟಗಳು ಹಾಳಾಗಿ ಸಿಕ್ಕಾಗ ಅವನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟುವುದು ನಮ್ಮ ಕೆಲಸ. ಐದು ಜನ ಸೇರಿ ಆರು ವರ್ಷ ದುಡಿದು ಜಪಾನಿನ ಒಂದು ಭಯದಾಟವನ್ನು ಕಟ್ಟಿ ಮುಗಿಸಿದೆವು. ಅದರ ಹೆಸರು ಅರ್ಧ ಅಳಿಸಿಹೋಗಿದೆ, ನಾವು ‘ಬೆಟ್ಟದ ಛತ್ರ’ ಎನ್ನುತ್ತೇವೆ. ಪಾಳುಬಿದ್ದ ಛತ್ರದಲ್ಲಿ ಒಬ್ಬಳೇ ನರ್ಸು ಸಿಕ್ಕಿಬಿದ್ದಿದ್ದಾಳೆ. ಅವಳ ಹತ್ತಿರ ಒಂದು ಟಾರ್ಚು, ಒಂದು ಪಿಸ್ತೂಲು, ಆರೇ ಆರು ಗುಂಡು. ನಿಮ್ಮ ಕಾಲದಲ್ಲೇ ಅದನ್ನು ಒಮ್ಮೆ ಹೊಸದಾಗಿ ಮಾಡಿದ್ದರಂತೆ. ನಮ್ಮದು ಐದನೆಯ ಸಲ.

ಆದರೆ ಕಟ್ಟಿದರೆ ಮುಗಿಯಿತೇ? ಭಯದಾಟ ಓಣಿಯ ಜನರ ಕೈಗೆ ಹೋಗಬೇಕಾದರೆ ಕೂಗುಸಾಕ್ಷಿ ಆಗಬೇಕು. ಎಂದರೆ, ಊರು ಆರಿಸಿದ ಹಿರಿಯರೊಬ್ಬರು ಎಲ್ಲರೆದುರು ಆಡಿ, ನಿಜವಾಗಿ ಹೆದರಿ ಕೂಗಬೇಕು. ಹೆದರಿಸದ ಭಯದಾಟ ಉಪ್ಪಿಲ್ಲದ ಸಾರು ಎಂಬುದು ನಮ್ಮವರ ಮಾತು. ಎರಡು ಸರದಿಯಲ್ಲಿ ಕೂಗದಿದ್ದರೆ ಆಟವನ್ನು ಮೂವತ್ತು ವರ್ಷ ಪೆಟ್ಟಿಗೆಗೆ ಹಾಕುತ್ತಾರೆ. ಆಗ ನನಗೆ ತೊಂಬತ್ತಾಗಿರುತ್ತದೆ, ಇದ್ದರೆ. ಈ ಸಲದ ಸಾಕ್ಷಿ ಯಾರೆಂದು ತಿಳಿದಾಗ ಆಟ ಪೆಟ್ಟಿಗೆ ಸೇರಿತೆಂದೇ ಅಂದುಕೊಂಡೆ. ಗುರುಸಿದ್ದವ್ವ ಹೂಗಾರ, ತೊಂಬತ್ತೊಂದರ ಮುದುಕಿ. ಆಕೆ ಹೆದರಿದ್ದನ್ನು ಕಂಡವರು ಓಣಿಯಲ್ಲಿ ಯಾರೂ ಇಲ್ಲ.

ಆಕೆಯ ಕಸುಬನ್ನೂ ಹೇಳಬೇಕು. ನಮ್ಮಲ್ಲಿ ನಲ್ಲಿ ತೆರೆಯಲು ಇಬ್ಬರು ಬೇಕು. ಒಬ್ಬರು ತಿರುಗಿಸಲು, ಇನ್ನೊಬ್ಬರು ‘ಸಾಕು’ ಎನ್ನಲು. ಹಾಗೆ ಎನ್ನುವವಳನ್ನು ಸಾಕುಗಾರ್ತಿ ಎನ್ನುತ್ತೇವೆ. ಮದುವೆಮನೆಯಾಗಲಿ, ಬಾಣಂತಿ ಮನೆಯಾಗಲಿ, ಆಕೆ ಸಾಕು ಎಂದ ಮೇಲೆ ಇನ್ನೊಂದು ಹನಿ ಬೀಳುವಂತಿಲ್ಲ. ಗುರುಸಿದ್ದವ್ವ ನಲವತ್ತು ವರ್ಷ ಐದನೇ ಓಣಿಯ ಸಾಕುಗಾರ್ತಿಯಾಗಿದ್ದವಳು.

ಮೊದಲ ಸರದಿ ಮಧ್ಯಾಹ್ನ ಊಟವಾದ ಮೇಲೆ. ಮೂವತ್ತೊಂದು ಜನ ಸೇರಿದ್ದರು, ಕೆಲವರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಕೂದಲು ಕೆದರಿದ ದೆವ್ವ ಗೋಡೆಯೊಳಗಿಂದ ಬಂತು. ಗುರುಸಿದ್ದವ್ವ, “ಯವ್ವಾ, ಮೊದ್ಲ ತಲಿ ಬಾಚ್ಕೊಂಡ ಬಾ,” ಎಂದಳು. ಕೊಡಲಿ ಹಿಡಿದವನು ಎದುರಾದಾಗ, “ಊಟಾ ಆಗೇತೇನಪಾ?” ಎಂದು ಕೇಳಿ ಅವನನ್ನು ದಾಟಿಕೊಂಡು ಹೋದಳು. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ಕೆಳಮಹಡಿಯ ಬಚ್ಚಲು ಬಂತು. ಅಲ್ಲಿ ಒಂದು ನಲ್ಲಿ ಧೋ ಎಂದು ಸುರಿಯುತ್ತಿತ್ತು. ಹಳೆಯ ಆಟದಲ್ಲಿತ್ತು, ಹಾಗೇ ಇಟ್ಟಿದ್ದೆವು. ಗುರುಸಿದ್ದವ್ವ ಎದ್ದು ನಿಂತು, ಛಾವಣಿ ಹಾರಿಹೋಗುವಂತೆ “ಸಾಕು” ಎಂದು ಕೂಗಿದಳು. ನಲ್ಲಿ ನಿಲ್ಲಲಿಲ್ಲ. ಇದ್ದ ಗುಂಡಿಗಳನ್ನೆಲ್ಲ ಒತ್ತಿದಳು. ಆರು ಗುಂಡನ್ನೂ ನಲ್ಲಿಗೇ ಹೊಡೆದಳು. ಹಿಂದಿನಿಂದ ದೆವ್ವ ಬಂದು ನರ್ಸನ್ನು ಹನ್ನೊಂದು ಸಲ ಕೊಂದಿತು. ಹನ್ನೊಂದು ಸಲವೂ ಮುದುಕಿ ಬಚ್ಚಲಿಗೇ ಮರಳಿದಳು. ಕೂಗು ಕೇಳಿತಲ್ಲ, ಸಾಕ್ಷಿ ಆಯಿತು ಎಂದು ನಾನು ಮೆಲ್ಲಗೆ ಬಾಯಿಬಿಟ್ಟೆ.

“ಅದು ಸಿಟ್ಟಿನ ಕೂಗು ಅದ, ಹೆದರಿಕೀದಲ್ಲ. ನಾ ಸುಳ್ಳ ಸಾಕ್ಷಿ ಹೇಳಾಂಗಿಲ್ಲ,” ಎಂದಳು ಗುರುಸಿದ್ದವ್ವ. “ನಾಳೆ ಬರ್ತೀನಿ. ಆ ನಳ ಬಂದ್ ಆಗ್ಬೇಕು. ಇಲ್ಲಂದ್ರ ಮುಂದಿನ ಖೋಲಿಗೆ ಕಾಲ್ ಇಡಾಂಗಿಲ್ಲ.”

ಇಲ್ಲಿ ನಮಗೆ ಇಕ್ಕಟ್ಟು. ಮರುಗೆಯ್ಮೆ ಮನೆಗೆ ಸೇರುವಾಗ ನಾವು ಆಣೆ ಮಾಡುತ್ತೇವೆ: ಹಿಂದಿನವರು ಇಟ್ಟದ್ದನ್ನು ತೆಗೆಯುವುದಿಲ್ಲ, ಇಡದ್ದನ್ನು ಸೇರಿಸುವುದಿಲ್ಲ. ಆಟದ ಸದ್ದುಗಳೆಲ್ಲ ಒಟ್ಟಿಗಿರುವ ಸದ್ದಿನ ಗಂಟನ್ನಂತೂ ಬಿಚ್ಚಿ ನೋಡುವುದೂ ಇಲ್ಲ, ಸಿಕ್ಕಂತೆಯೇ ಎತ್ತಿಡುತ್ತೇವೆ. ನಮ್ಮ ಮನೆಯ ಹಿರಿಯ ಈರಪ್ಪ ಕಮತರ ಕೇಳಿದೊಡನೆ ಮೂಗು ಮುರಿದ. “ಇವತ್ತ ನಳ ಬಂದ್ ಮಾಡ್ತಿ, ನಾಳೆ ದೆವ್ವಕ್ಕ ಚಾ ಕುಡಿಸ್ತಿ,” ಎಂದ. ಅವನ ಮಾತು ನ್ಯಾಯವೇ. ಆದರೂ ಆರು ವರ್ಷದ ಕೆಲಸ ಪೆಟ್ಟಿಗೆ ಸೇರುವುದನ್ನು ನೋಡುತ್ತ ಕೈಕಟ್ಟಿ ಕೂರಲು ನನ್ನಿಂದಾಗಲಿಲ್ಲ. ಮರುದಿನ ಬೆಳಿಗ್ಗೆ ಕುಳಿತು, ನರ್ಸಿನ ಕೈ ನಲ್ಲಿಯನ್ನು ಒಂದು ಸುತ್ತು ತಿರುಗಿಸುವಂತೆ ಮಾಡಿದೆ. ಅಷ್ಟೇ. ನಲವತ್ತು ವರ್ಷದಲ್ಲಿ ನಾನು ಆಣೆ ಮುರಿದದ್ದು ಅದೊಂದೇ ಸಲ, ಆಡಿ ನೋಡಲೂ ಪುರಸೊತ್ತಾಗಲಿಲ್ಲ.

ಎರಡನೆಯ ಸರದಿಯಲ್ಲಿ ಗುರುಸಿದ್ದವ್ವ ಯಾವ ದೆವ್ವವನ್ನೂ ಮಾತಾಡಿಸದೆ ನೆಟ್ಟಗೆ ಬಚ್ಚಲಿಗೆ ನಡೆದಳು. ನಲ್ಲಿ ತಿರುಗಿಸಿ, “ಸಾಕು,” ಎಂದಳು. ನೀರು ನಿಂತಿತು.

ಆಗ ಮೇಲಿನ ಮಹಡಿಯಲ್ಲಿ ಯಾರೋ ನಡೆಯುವ ಸದ್ದು ಕೇಳಿಸಿತು. ಬರಿಗಾಲು, ಒದ್ದೆ ಕಾಲು, ಮರದ ಹಲಗೆಯ ಮೇಲೆ ನಿಧಾನವಾಗಿ ಬರುತ್ತಿತ್ತು. ಸರಿಯಾಗಿ ನರ್ಸಿನ ತಲೆಯ ಮೇಲೆ ಬಂದು ನಿಂತುಕೊಂಡಿತು. ಅವರೆಕಾಯಿ ಸುಲಿಯುವ ಕೈಗಳೂ ನಿಂತವು. ಮೇಲಿನಿಂದ ಯಾರೋ ಮೆಲ್ಲಗೆ ಉಸಿರು ಬಿಟ್ಟರು.

“ಯವ್ವಾ...” ಎಂದು ಕೂಗಿ ಗುರುಸಿದ್ದವ್ವ ನನ್ನ ಮುಂಗೈ ಹಿಡಿದಳು. ಉಗುರಿನ ಗುರುತು ಈಗಲೂ ಇದೆ. ಅವಳ ಹಿಂದೆಯೇ ಮೂವತ್ತೊಂದು ಜನವೂ ಕೂಗಿದರು. ಈರಪ್ಪ ಬೆಂಚಿನ ಕೆಳಗಿದ್ದ. ಆಮೇಲೆ ಮುದುಕಿ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಇದಪಾ ಹೆದರಿಕಿ ಅಂದ್ರ,” ಎನ್ನುತ್ತ ಸಾಕ್ಷಿಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ನನಗೆ ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹೆಜ್ಜೆ ಸದ್ದನ್ನು ನಾನೇ ಸೇರಿಸಿದ್ದೆಂದು ಈರಪ್ಪ ಜಗಳಕ್ಕೆ ಬಂದ. ನಾನು ಸೇರಿಸಿರಲಿಲ್ಲ. ಇಬ್ಬರೂ ಕುಳಿತು ಸದ್ದಿನ ಗಂಟನ್ನು ಬಿಚ್ಚಿದೆವು. ಅದು ಅಲ್ಲೇ ಇತ್ತು, ಮೊಟ್ಟಮೊದಲ ಆಟದ ಕಾಲದಿಂದಲೂ, ನೀರಿನ ಸದ್ದಿನ ಕೆಳಗೆ. ನಿಮ್ಮ ಆಟದಲ್ಲಿ ನಲ್ಲಿ ನಿಲ್ಲುತ್ತಿರಲಿಲ್ಲವಲ್ಲ, ನಿಮ್ಮಲ್ಲಿ ಯಾರೂ ಅದನ್ನು ಕೇಳಿರಲಿಕ್ಕಿಲ್ಲ. ನಿಮ್ಮ ನಂತರ ಮರಳಿ ಕಟ್ಟಿದವರೂ ನಮ್ಮಂತೆಯೇ ಗಂಟು ಬಿಚ್ಚದೆ ಮುಂದಕ್ಕೆ ಕೊಟ್ಟಿದ್ದರು.

ಈಗ ಓಣಿಯಲ್ಲಿ ಮನೆಮನೆಗೂ ಬೆಟ್ಟದ ಛತ್ರ ಹೋಗಿದೆ, ಮಧ್ಯಾಹ್ನವಾದರೆ ಕೂಗೋ ಕೂಗು. ನನ್ನದೊಂದು ಕೋರಿಕೆಯಿದೆ. ಆ ಸದ್ದು ಮಾಡಿದವರು ನಿಮ್ಮ ಕಾಲದಲ್ಲಿ ಇನ್ನೂ ಇರಬಹುದು. ಮರದ ಹಲಗೆಯ ಮೇಲೆ ಒದ್ದೆಗಾಲಲ್ಲಿ ನಡೆದು, ಉಸಿರು ಬಿಟ್ಟು, ಇದನ್ನು ಯಾರೂ ಕೇಳಲೇ ಇಲ್ಲವೆಂದು ಬೇಸರಪಟ್ಟುಕೊಂಡು ಜಪಾನಿನ ಯಾವುದೋ ಊರಿನಲ್ಲಿ ಕುಳಿತಿರಬಹುದು. ನಿಮಗೆ ಸಿಕ್ಕರೆ ಅವರಿಗೆ ಹೇಳಿ: ಕೇಳಿಸಿತು. ವಿಜಯಪುರದಲ್ಲಿ, ಹಾಡಹಗಲಲ್ಲಿ, ಎಲ್ಲರಿಗೂ ಕೇಳಿಸಿತು.